ಗಂಟಿಲ್ಲದ ಅಂಬಲಿ

ಕಮ್ಮರಡಿ
ಗುರುವಾರ ಸಂಜೆ, 21 ಆಗಸ್ಟ್ 2025

ಪ್ರೀತಿಯ ಸುಮನಾಗೆ,

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ಸಮಸ್ತ ಮಹಾಜನತೆಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ನಿನ್ನ ಗಂಡನಾದ ನಾನು ಇಂದು ಒಂದೇ ಒಂದು ಗಂಟೂ ಇಲ್ಲದ ರಾಗಿ ಅಂಬಲಿ ಕಾಯಿಸಿದ್ದೇನೆ. ಸರ್ಕಾರ ಇನ್ನೂ ರಜೆ ಘೋಷಿಸಿಲ್ಲ.

ಫೋನಿನಲ್ಲಿ ಮಾತಾಡಿದರೆ ನಿನಗೆ ಏದುಸಿರು, ವಾರ್ಡಿನೊಳಗೆ ನನ್ನನ್ನು ಬಿಡುವುದಿಲ್ಲ. ಹಾಗಾಗಿ ಊಟದ ಡಬ್ಬಿಯ ಜೊತೆ ಈ ಕಾಗದ.

ಆ ಹಾಳು ವೈರಸ್ ಜ್ವರ ನಿನ್ನ ಶ್ವಾಸಕೋಶಕ್ಕೆ ಇಳಿದಾಗಿನಿಂದ ನಾನು ಅಡುಗೆಭಟ್ಟ. ಮೊದಮೊದಲು ಡಬ್ಬಿ ತುಂಬಿಕೊಂಡೇ ವಾಪಸ್ ಬರುತ್ತಿತ್ತು. ಆಮೇಲೆ ತೊಳೆದಿಟ್ಟಂತೆ ಖಾಲಿ ಬರತೊಡಗಿತು. ನಾನು ಹಿಗ್ಗಿ, ನಮ್ಮ ದಿನಸಿ ಅಂಗಡಿಗೆ ಬಂದವರಿಗೆಲ್ಲ ಸಕ್ಕರೆಯ ಜೊತೆ ಅಂಬಲಿ ಮಾಡುವ ಕ್ರಮವನ್ನೂ ಕಟ್ಟಿಕೊಟ್ಟೆ.

ಇವತ್ತು ಮಧ್ಯಾಹ್ನ ಆಸ್ಪತ್ರೆಯ ಬಾಗಿಲಲ್ಲಿ ನಿನ್ನ ಪಕ್ಕದ ಹಾಸಿಗೆಯ ರಾಧಮ್ಮ ಸಿಕ್ಕಿದರು. ಡಿಸ್ಚಾರ್ಜ್ ಆಗಿ, ಕೆನ್ನೆ ತುಂಬಿಕೊಂಡು ಹೊರಟಿದ್ದರು. "ನಿಮ್ಮ ಕೈಗುಣ ಭಾರಿ ಮಾರಾಯ್ರೆ! ನಿಮ್ಮ ಅಂಬಲಿ ಕುಡಿದೇ ನಾನು ಎದ್ದು ಕೂತಿದ್ದು. ಉಪ್ಪು ಮಾತ್ರ ಒಂಚೂರು ಕಮ್ಮಿ" ಎಂದರು. ಕೈ ಮುಗಿದೆ. ಇನ್ನೇನು ಮಾಡಲಿ? ನನ್ನ ಅಡುಗೆಯಿಂದ ಗುಣವಾದ ಮೊದಲ ರೋಗಿ ಅವರು. ಅವರದ್ದೇನೂ ತಪ್ಪಿಲ್ಲ, ಮನೆಯಿಂದ ಎರಡೆರಡು ಡಬ್ಬಿ ಬರುತ್ತದೆಂದು ನೀನೇ ನಂಬಿಸಿದ್ದೆಯಂತೆ.

ಸಿಸ್ಟರ್ ಅಂಬಿಕಾ ಅವರನ್ನು ಹೋಗಿ ಕೇಳಿದೆ. "ಬಾಯಿಗಿಟ್ಟಿದ್ದೆಲ್ಲ ಮಣ್ಣಿನ ಹಾಗೆ ಅಂತಾರೆ. ಆಕ್ಸಿಜನ್ ಮಾಸ್ಕ್ ತೆಗೆಯೋಕೆ ಹೆದರ್ತಾರೆ. ವಾಪಸ್ ಕಳಿಸಿದ್ರೆ ನಿಮಗೆ ಬೇಜಾರಾಗುತ್ತೆ ಅಂತ ಹೀಗೆ ಮಾಡಿದಾರೆ ನೋಡಿ. ಮೈಯಲ್ಲಿ ಕಸುವಿಲ್ಲದಿದ್ರೆ ಕಫ ಕೆಮ್ಮಿ ಹೊರಗೆ ಹಾಕೋದು ಹೇಗೆ?" ಎಂದರು. ತಿನ್ನುವಾಗ ಮೂಗಿಗೆ ಸಣ್ಣ ನಳಿಕೆಯಲ್ಲಿ ಆಕ್ಸಿಜನ್ ಕೊಡುತ್ತಾರಂತೆ, ಅವರೇ ಪಕ್ಕದಲ್ಲಿ ಕೂರುತ್ತಾರಂತೆ. ನೆಟ್ಟಗೆ ಕೂತು, ನಿಧಾನಕ್ಕೆ, ಆಗಾಗ ನಾಲ್ಕು ಚಮಚ ನುಂಗಿದರೆ ಸಾಕಂತೆ.

ಸುಮನಾ, ನನಗೆ ಬೇಜಾರು ಮಾಡು ಮಾರಾಯ್ತಿ. ನಾನು ಮಾಡಿದ ಕಾಫಿಯನ್ನು ನನ್ನೆದುರೇ ಬಚ್ಚಲಿಗೆ ಚೆಲ್ಲಿದವಳು ನೀನು. ಈಗ ದಾಕ್ಷಿಣ್ಯಕ್ಕೆ ಬಿದ್ದು ಸಾಯಬೇಡ.

ಅಂಬಲಿಗೆ ಹೆಸರುಬೇಳೆ ಬೇಯಿಸಿ, ನುಣ್ಣಗೆ ಅರೆದು ಬೆರೆಸಿದ್ದೇನೆ. ಒಂದು ಚಮಚ ತುಪ್ಪವೂ ಇದೆ. ರುಚಿ ಹುಡುಕಬೇಡ, ಔಷಧಿ ಎಂದುಕೊಂಡು ನುಂಗು.

ನಿನ್ನ
ಸುಂದರೇಶ

ಮರೆತದ್ದು: ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ನಾಳೆ ಬೆಳಿಗ್ಗೆಯೊಳಗೆ ನಿನ್ನ ಹೊಟ್ಟೆಗೆ ಏನೂ ಹೋಗದಿದ್ದರೆ ಮೂಗಿನಿಂದ ಹೊಟ್ಟೆಗೆ ಊಟದ ನಳಿಕೆ ಇಳಿಸಿ, ಶಿವಮೊಗ್ಗಕ್ಕೆ ಕಳಿಸುವುದೇ ಎಂದಿದ್ದಾರೆ ಡಾಕ್ಟರ್. ಆಗಲಿ ಎಂದು ಬಂದಿದ್ದೇನೆ. ಅಂಬುಲೆನ್ಸಿನಲ್ಲಿ ಅಷ್ಟು ದೂರ ನೀನು ತಡೆಯುತ್ತೀಯೋ ಎಂದು ಕೇಳಿದೆ. ಅವರು "ಮೊದಲು ಇವತ್ತು ರಾತ್ರಿ ತಿನ್ನಲಿ" ಎಂದು ಒಳಗೆ ಹೋದರು. ಅದಕ್ಕೇ ಒಂದು ಸಣ್ಣ ಉಪಕಾರ ಮಾಡು. ಡಬ್ಬಿಯನ್ನು ಯಾರಿಂದಲೂ ಖಾಲಿ ಮಾಡಿಸಬೇಡ. ತಿಂದಷ್ಟು ತಿಂದು, ಉಳಿದದ್ದನ್ನು ಹಾಗೇ ಮುಚ್ಚಿ ಕಳಿಸು, ಎಷ್ಟು ಇಳಿದಿದೆಯೆಂದು ನಾನು ನೋಡಿಕೊಳ್ಳುತ್ತೇನೆ. ಚಮಚವನ್ನೂ ತೊಳೆಯಬೇಡ.