ಮಾವ ಹೊಯ್ದ ಗಂಟೆ

ಜೂನ್ ೯, ಭಾನುವಾರ

ನಿದ್ದೆ ಹತ್ತುತ್ತಿಲ್ಲ. ಆ ಗಂಟೆ ಇನ್ನೂ ಕಿವಿಯಲ್ಲೇ ಇದೆ.

ನಮ್ಮ ಪಾತ್ರೆ ಅಂಗಡಿಗೆಂದು ಕೂಡಿಟ್ಟಿದ್ದ ಒಳ್ಳೆಯ ಕಂಚನ್ನೆಲ್ಲ ಕರಗಿಸಿ ಮಾವ ಚರ್ಚಿಗೆ ಗಂಟೆ ಎರಕ ಹೊಯ್ದಾಗ ನಾನು ಗೊಣಗಿದ್ದೆ. ಸುತ್ತಿಗೆಯ ಸದ್ದಿನಲ್ಲೇ ಕಿವಿ ಕಳೆದುಕೊಂಡವರು, ನನ್ನ ತುಟಿ ನೋಡಿಯೇ ತಿಳಿದುಕೊಂಡರು.

“ನಮ್ದು ಅಂತ ಏನಿದೆಯಮ್ಮ? ದೇವರು ನೋಡ್ಕೊಂಡಿರು ಅಂತ ಕೊಟ್ಟಿದ್ದು. ವಾಪಸ್ ಕೊಡುವಾಗ ಸೊಟ್ಟ ಮುಖ ಯಾಕೆ?”

ಇವತ್ತು ಪಾದ್ರಿಗಳು ಹಗ್ಗ ಎಳೆದರು. ಎದೆಯೊಳಗೇ ಬಡಿದಂಥ ನಾದ! ಎಲ್ಲರೂ ತಲೆಯೆತ್ತಿ ಗೋಪುರ ನೋಡಿದೆವು. ಮಾವ ಮಾತ್ರ ಅದಕ್ಕೆ ಬೆನ್ನು ಹಾಕಿ ನಿಂತು, ನಮ್ಮ ಮುಖಗಳನ್ನು ಒಂದೊಂದಾಗಿ ನೋಡುತ್ತಾ ಬಂದರು. ಗಂಟೆಯನ್ನು ಅವರು ಕೇಳಿಸಿಕೊಳ್ಳುತ್ತಿದ್ದದ್ದು ಹಾಗೆ. ನನ್ನ ಮುಖಕ್ಕೆ ಬಂದಾಗ ಅಲ್ಲೇ ನಿಂತುಬಿಟ್ಟರು.

“ನಾದ ಚೆನ್ನಾಗಿದೆ ಕಣಮ್ಮ,” ಅಂದರು.