ಒಂದು ಗೇಣು ಹಳಿ

೪, ಮಂಗಳವಾರ. ಸಂಜೆ

ಹಳಿಯ ಕೆಳಗೆ ಅಡ್ಡಕ್ಕೆ ಕೂರಿಸೋ ಸ್ಲೀಪರ್ ಪಟ್ಟಿ ಮತ್ತೆ ಹದಿನಾರು ಕತ್ತರಿಸಿದೆ. ಬೆಂಕಿಕಡ್ಡಿಗಿಂತ ಸ್ವಲ್ಪ ದಪ್ಪ, ಮೇಲೆ ತಾಮ್ರದ ಹೊದಿಕೆ. ಬೆಸುಗೆ ಹಾಕಿ ಹಾಕಿ ಬೆರಳ ತುದಿ ಸುಟ್ಟಿದೆ. ಅಂಗಡಿಯಲ್ಲಿ ದಿನವಿಡೀ ಕನ್ನಡಕದ ಗಾಜು ಉಜ್ಜಿ, ಮನೆಗೆ ಬಂದು ಇದು... "ಆಟದ ರೈಲಿಗೆ ಇಷ್ಟೊಂದು ಒದ್ದಾಟವಾ?" ಅಂದ್ರು ನಮ್ಮನೆಯವರು. ಟೀ ಮಾತ್ರ ತಂದಿಟ್ಟು ಹೋದ್ರು.

ಭಾನುವಾರ ನಮ್ಮ ಆಟದ ರೈಲು ಕ್ಲಬ್ಬಿನ ಪ್ರದರ್ಶನ. ಎಲ್ಲರ ಮೇಜನ್ನೂ ಸಾಲಾಗಿ ಇಡ್ತಾರೆ. ಒಂದು ಮೇಜಿನ ಹಳಿಗೂ ಇನ್ನೊಂದರ ಹಳಿಗೂ ಮಧ್ಯೆ ಗೇಣುದ್ದ ಖಾಲಿ. ಅಲ್ಲಿ ಕನೆಕ್ಟರ್, ಅಂದ್ರೆ ಎರಡನ್ನೂ ಜೋಡಿಸೋ ತುಂಡು ಹಳಿ, ಕೂರಿಸ್ಬೇಕು. ಕೊನೆಯ ಮೇಜು ಅಣ್ಣನದು. ಅವನ ಮೊದಲ ಪ್ರದರ್ಶನ. ಒಂದು ವರ್ಷ ಕೂತು ಸ್ಟೇಷನ್ ಕಟ್ಟಿದ್ದಾನೆ. ನನ್ನ ಮೇಜು ದಾಟದೆ ರೈಲು ಅಲ್ಲಿಗೆ ಹೋಗಲ್ಲ.

ಆದ್ರೆ ಅವನ ಹಳಿ ಮೂರು ಮಿಲಿಮೀಟರ್ ಮುಂದಿದೆ. ಎಲ್ಲರೂ ಚೌಕಟ್ಟಿನಿಂದ ಅಳೀತಾರೆ. ಇವನು ಅದರ ಮುಂದೆ ಹೊಡೆದ ಅಲಂಕಾರದ ಹಲಗೆಯಿಂದ ಅಳೆದಿದ್ದಾನೆ. ಹೋದ ವಾರ ಹೇಳಿದ್ದಕ್ಕೆ, "ನಕ್ಷೆ ಬಿಡಿಸಿ ತಲೆ ಹಣ್ಣಾಗಿದೆ ನಂಗೆ, ನೀನು ಅಳತೆ ಹೇಳ್ಕೊಡ್ತೀಯಾ?" ಅಂದ. ಆಮೇಲೆ ಫೋನೂ ಇಲ್ಲ.

೫, ಬುಧವಾರ

ಮೊಂಡ. ಅಪ್ಪನ ಪಡಿಯಚ್ಚು. ರೆಡಿಮೇಡ್ ಹಳಿ ನೆಟ್ಟಗೆ ಮಾತ್ರ ಹೋಗುತ್ತೆ. ಕೈಯಲ್ಲಿ ಮಾಡಿದ್ದು ಹೇಳಿದ ಮಾತು ಕೇಳುತ್ತೆ. ಒಂದು ಗೇಣಿನಲ್ಲಿ ಮೂರು ಮಿಲಿಮೀಟರ್ ಸರಿಯೋ ಹಾಗೆ ಬಾಗಿಸ್ತೀನಿ. ಅವನಿಗೆ ಗೊತ್ತೇ ಆಗ್ಬಾರ್ದು.

೮, ಶನಿವಾರ

ಮುಗೀತು. ಇಂಜಿನ್ ಬಿಟ್ಟು ನೋಡ್ದೆ — ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ. ಅಣ್ಣನ ಮೇಲೆ ಕೋಪ ಇನ್ನೂ ಇದೆ. ಆದ್ರೂ ಖುಷಿ.

೯, ಭಾನುವಾರ

ಬೆಳಿಗ್ಗೆ ಒಂಬತ್ತಕ್ಕೆ ಹಾಲ್. ಕನೆಕ್ಟರ್ ಇಟ್ಟೆ. ಕೂರಲಿಲ್ಲ. ತಿರುಗಿಸಿ ಇಟ್ಟೆ. ಊಹೂಂ. ಅಳೆದು ನೋಡಿದ್ರೆ ಅಣ್ಣನ ಹಳಿ ನನ್ನದಕ್ಕೆ ನೇರ.

"ಹಳಿ ಕಿತ್ತಿದ್ಯಾ?"

ಅವನ ಕಿವಿ ಕೆಂಪಗಾಯ್ತು. "ಗುರುವಾರ. ಇಡೀ ಸ್ಟೇಷನ್ ಎಬ್ಬಿಸಿ ಸರಿಸ್ದೆ. ನೀನು ಹೇಳಿದ್ದೇ ಸರಿ ಇತ್ತು ಕಣೇ."

"ಒಂದು ಫೋನ್ ಮಾಡೋಕೆ ಏನಾಗಿತ್ತು?"

"ನಿಂಗೇನಾಗಿತ್ತು?"

ಆಗ ನನ್ನ ಕೈಯಲ್ಲಿದ್ದ ಸೊಟ್ಟ ಹಳಿ ನೋಡಿದ. ಅರ್ಥ ಆಯ್ತು. ನಗು ತಡೆಯೋಕಾಗದೆ ನೆಲದ ಮೇಲೇ ಕೂತ್ಬಿಟ್ಟ. ನಾನೂ.

ಹನ್ನೊಂದಕ್ಕೆ ಜನ ಬರ್ತಾರೆ. ಅಷ್ಟರೊಳಗೆ ನೆಟ್ಟಗಿನ ಹೊಸ ಕನೆಕ್ಟರ್ ಆಗ್ಬೇಕು. ಚೀಲದಲ್ಲಿ ಉಳಿದಿದ್ದು ಒಂಬತ್ತೇ ಸ್ಲೀಪರ್. ಅವನು ಗೇಜ್ ಹಿಡಿದು ಹಳಿಗಳ ಅಂತರ ಕಾಯ್ದ, ನಾನು ಬೆಸುಗೆ ಹಾಕ್ದೆ. ಸಣ್ಣವರಿದ್ದಾಗಿನ ಹಾಗೆ, ತಲೆಗೆ ತಲೆ ತಾಗಿಸ್ಕೊಂಡು. ಹನ್ನೊಂದೂಕಾಲಕ್ಕೆ ರೈಲು ಹೋಗಿ ಅವನ ಸ್ಟೇಷನ್ನಿನಲ್ಲಿ ನಿಂತಿತು. ಅಣ್ಣ ಕಣ್ಣು ಒರೆಸ್ಕೊಂಡ. "ಬೆಸುಗೆಯ ಹೊಗೆ" ಅಂದ. ಹೊಗೆ ಆರಿ ಅರ್ಧ ಗಂಟೆ ಆಗಿತ್ತು.

೧೩, ಗುರುವಾರ

ಸೊಟ್ಟ ಹಳಿ ಬಿಚ್ಚಿ ಸ್ಲೀಪರ್ ತೆಗೆಯೋಣ ಅಂತ ಹುಡುಕ್ದೆ. ಚೀಲದಲ್ಲಿಲ್ಲ. ಅತ್ತಿಗೆ ಈಗ ಫೋನ್ ಮಾಡಿದ್ರು — ಅಣ್ಣನ ಮೇಜಿನ ಮೇಲೆ, ಗಾಜಿನ ಪೆಟ್ಟಿಗೆಯಲ್ಲಿದೆಯಂತೆ. ಚೀಟಿ ಬೇರೆ ಅಂಟಿಸಿದ್ದಾನಂತೆ: 'ತಂಗಿ ಮಾಡಿದ್ದು. ಯಾರೂ ನೆಟ್ಟಗೆ ಮಾಡಬಾರದು.'

ಕಳ್ಳ. ನನ್ನ ಹದಿನಾರು ಸ್ಲೀಪರ್. ಈಗ್ಲೇ ಹೋಗಿ ಜಗಳ ಆಡಿ, ಊಟ ಮಾಡ್ಕೊಂಡು ಬರ್ತೀನಿ. ಚಪ್ಪಲಿ ಎಲ್ಲಿ —