ಬರಿಗೈಯಲ್ಲಿ ಹೋದದ್ದು

ಚಿಂತಾಮಣಿ

ಪ್ರಿಯ ಸಾಲೋಮಿ,

ನಮ್ಮ ಸಭೆಯ ಕರುಣಮ್ಮನವರು ನಿನ್ನನ್ನು ನೆನೆಸಿಕೊಂಡರೆಂಬುದನ್ನು ಬರೆಯದೆಯೇ ಬಿಡುವುದರಲ್ಲಿದ್ದೆ.

ಗುರುವಾರದ ಮನೆಪ್ರಾರ್ಥನೆಯಲ್ಲಿ ಯಾರು ಯಾವ ಕಾಯಿಲೆ ಹೇಳಿಕೊಂಡರೂ ಮರುದಿನ ನಿನ್ನ ಕಂಪನಿಯ, ಅದಕ್ಕೆ ತಕ್ಕ ಆರೋಗ್ಯದ ಪೌಡರ್ ಡಬ್ಬ ಮಾರಲು ಹಿಡಿದು ನೀನು ಅವರ ಬಾಗಿಲಲ್ಲಿರುತ್ತಿದ್ದೆ. ಕೊನೆಗೆ ಹೆಂಗಸರು ನೋವು ಹೇಳಿಕೊಳ್ಳುವುದನ್ನೇ ಬಿಟ್ಟರು. ಸಭೆಯೊಳಗೆ ವ್ಯಾಪಾರ ಬೇಡ, ಕಂಪನಿಗೆ ಜನ ಸೇರಿಸುವುದು ಬೇಡ ಎಂದು ಪಾಸ್ಟರ್ ಹೇಳಿದಾಗ ಮೊದಲು ತಲೆಯಾಡಿಸಿದವಳು ನಾನು. ಆ ನಿಯಮ ಸರಿಯೆಂದೇ ಈಗಲೂ ನಂಬಿದ್ದೇನೆ.

ಈ ವಾರ ಕರುಣಮ್ಮನವರ ಮನೆಯಲ್ಲಿ ಕೂಟವಿತ್ತು. ಅವರು ಮಂಡಿನೋವು ಎಂದರು. ಪ್ರಾರ್ಥಿಸಿದೆವು, ಟೀ ಕುಡಿದು ಎದ್ದೆವು. ಬಾಗಿಲಲ್ಲಿ ಅವರು ನನ್ನ ಕೈ ಹಿಡಿದು, “ಸಾಲೋಮಿ ಇದ್ದಿದ್ರೆ ನಾಳೆ ಬಂದಿರೋಳು ಕಣಮ್ಮ, ಡಬ್ಬ ಮಾರೋಕಾದ್ರೂ. ನೀವೆಲ್ಲ ಆಮೆನ್ ಅಂದಿದ್ದೇ ಚಪ್ಪಲಿ ಹುಡುಕ್ತೀರ” ಎಂದು ನಕ್ಕರು.

ಮರುದಿನ ನಾನು ಹೋದೆ. ಅವರ ಕಣ್ಣು ಮೊದಲು ನನ್ನ ಬ್ಯಾಗಿನ ಮೇಲೆ ಬಿತ್ತು.

“ಏನು ತಂದಿದ್ದೀಯಮ್ಮ ಸ್ಟೆಲ್ಲಾ?”

“ಏನೂ ಇಲ್ಲಮ್ಮ, ಸುಮ್ನೆ ಬಂದೆ.”

“ಹಂಗಾದ್ರೆ ಕೂತ್ಕೋ.”

ಸಂಜೆಯವರೆಗೂ ಕೂತಿದ್ದೆ.

ಆ ನಿಯಮವಾದ ಮೇಲೆ ನೀನು ಸಭೆಗೆ ಬರುವುದನ್ನು ನಿಲ್ಲಿಸಿದಾಗ ನಿನ್ನ ಮನೆ ನಮ್ಮ ಹಿಂದಿನ ಬೀದಿಯಲ್ಲೇ ಇತ್ತು; ನಾನು ಒಮ್ಮೆಯೂ ಬರಲಿಲ್ಲ. ಈಗ ಅಲ್ಲಿ ಬೇರೆಯವರಿದ್ದಾರೆ. ನೀವು ಗೌರಿಬಿದನೂರಿನ ಕಡೆ ಹೋದಿರೆಂಬುದಷ್ಟೇ ಅವರಿಗೆ ಗೊತ್ತು.

ವಿಳಾಸ ಸಿಗದ ಈ ಕಾಗದಕ್ಕೆ, ಅಂಚೆ ಕಚೇರಿಗೆ ರಜೆಯೆಂದು ಗೊತ್ತಿರುವ ದಿನವನ್ನೇ ಗೊತ್ತುಮಾಡಿದ್ದೇನೆ. ಇದನ್ನು ಅಂಚೆಗೆ ಹಾಕುವುದು ಡಿಸೆಂಬರ್ ಇಪ್ಪತ್ತೈದಕ್ಕೆ.